ದಿಲ್ಲಿಯ ಕೃಷಿ ಸಚಿವಾಲಯ ಮತ್ತು ನಮ್ಮ ತುಂಗಭದ್ರಾ ಸೀಮೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸಿಂಧನೂರು, ಗಂಗಾವತಿ, ಸಿರುಗುಪ್ಪದ ಕಡೆ ಯಾವ ಯೋಜನೆ ಬಂದರೂ ರೈತರು ಮೊದಲು ಕೇಳೋದು ಒಂದೇ: "ಇದು ಸೆಂಟ್ರಲ್ಲಿಂದಾ, ಸ್ಟೇಟಿಂದಾ?" ಕೇಳಬೇಕಾದ ಪ್ರಶ್ನೆಯೇ. ಯಾರ ಕೆಲಸ ಅಂತ ಗೊತ್ತಿಲ್ಲದಿದ್ದರೆ ಮನವಿ ಪತ್ರ ತಪ್ಪು ಟೇಬಲ್ ಮೇಲೆ ಹೋಗಿ ಕೂರುತ್ತದೆ, ಅಷ್ಟರಲ್ಲಿ ಬೆಳೆ ಕೈಬಿಟ್ಟು ಹೋಗಿರುತ್ತದೆ. ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ರೈತರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಕೇಂದ್ರ ಕೃಷಿ ಸಚಿವಾಲಯ ಅಂದರೆ ಯಾವುದು? ಅದರ ಕೆಲಸ ಏನು?

ಪೂರ್ತಿ ಹೆಸರು ಕೃಷಿ ಮತ್ತು ರೈತರ ಕಲ್ಯಾಣ ಸಚಿವಾಲಯ. ಬಹುಕಾಲ ಕಚೇರಿ ನಡೆದದ್ದು ನವದೆಹಲಿಯ ಕೃಷಿ ಭವನದಲ್ಲಿ. ಒಳಗೆ ಎರಡು ಇಲಾಖೆಗಳಿವೆ. ಒಂದು ಕೃಷಿ ಮತ್ತು ರೈತರ ಕಲ್ಯಾಣ ಇಲಾಖೆ. ಪಿಎಂ ಕಿಸಾನ್, ಬೆಳೆ ವಿಮೆ, ಬೀಜ, ಬೆಂಬಲ ಬೆಲೆಯ ಶಿಫಾರಸು, ಬರದ ಸಮೀಕ್ಷೆ ಎಲ್ಲ ಇಲ್ಲಿಂದ ನಡೆಯುತ್ತದೆ. ಇನ್ನೊಂದು ಕೃಷಿ ಸಂಶೋಧನೆ ಮತ್ತು ಶಿಕ್ಷಣ ಇಲಾಖೆ, 1973ರಲ್ಲಿ ಶುರುವಾದದ್ದು. ಭಾರತೀಯ ಕೃಷಿ ಸಂಶೋಧನಾ ಪರಿಷತ್ತು, ಅಂದರೆ ಐಸಿಎಆರ್, ಇದರ ಜೊತೆಗಿದೆ. ಗಂಗಾವತಿ, ರಾಯಚೂರು, ಹಗರಿಯ ಕೃಷಿ ವಿಜ್ಞಾನ ಕೇಂದ್ರಗಳಿಗೆ ದುಡ್ಡು ಬರೋದು ಇದೇ ಐಸಿಎಆರ್‌ನಿಂದ. ದಿನದ ಆಡಳಿತ ಮಾತ್ರ ರಾಯಚೂರು ಕೃಷಿ ವಿಶ್ವವಿದ್ಯಾಲಯದ್ದು.

ಕೃಷಿ ರಾಜ್ಯದ ವಿಷಯ ಅಲ್ವಾ? ಹಾಗಾದರೆ ದಿಲ್ಲಿಗೆ ಏನು ಕೆಲಸ?

ಹೌದು, ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ 14ನೇ ನಮೂದು ಕೃಷಿ. ಕೃಷಿ ಶಿಕ್ಷಣ, ಸಂಶೋಧನೆ, ಕೀಟ-ರೋಗಗಳಿಂದ ಬೆಳೆ ಕಾಪಾಡುವುದು ಎಲ್ಲ ಅದರಲ್ಲೇ ಬರುತ್ತದೆ. ಸಂತೆ, ಮಾರುಕಟ್ಟೆ ಕೂಡ ರಾಜ್ಯದ್ದೇ. ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೂರುವ ಕೃಷಿ ಅಧಿಕಾರಿ ರಾಜ್ಯ ಸರ್ಕಾರದ ನೌಕರ, ದಿಲ್ಲಿಯವರಲ್ಲ.

ಆದರೆ ದುಡ್ಡಿನ ದೊಡ್ಡ ಚೀಲ ಇರೋದು ಕೇಂದ್ರದ ಹತ್ತಿರ. ಆಹಾರ ಪದಾರ್ಥ, ಹತ್ತಿಬೀಜ, ಕಚ್ಚಾ ಹತ್ತಿಯ ವ್ಯಾಪಾರ ಸಮವರ್ತಿ ಪಟ್ಟಿಯಲ್ಲಿದೆ, ಅಲ್ಲಿ ಇಬ್ಬರೂ ಕಾನೂನು ಮಾಡಬಹುದು. ರಫ್ತು, ಆಮದು ಪೂರ್ತಿ ಕೇಂದ್ರದ್ದು. ಹೀಗಾಗಿ ಯೋಜನೆ ಬರೆಯೋದು ದಿಲ್ಲಿ, ಜಾರಿ ಮಾಡೋದು ರಾಜ್ಯ. 2020ರ ಮೂರು ಕೃಷಿ ಕಾಯ್ದೆಗಳ ಜಗಳದಲ್ಲಿ ಇದೂ ಒಂದು ಮುಖ್ಯ ಪ್ರಶ್ನೆಯಾಗಿತ್ತು: ರಾಜ್ಯದ ಮಾರುಕಟ್ಟೆಯ ವಿಷಯಕ್ಕೆ ಕೇಂದ್ರ ಕೈಹಾಕಬಹುದಾ ಅಂತ. 2021ರ ಕೊನೆಗೆ ಆ ಕಾಯ್ದೆಗಳು ವಾಪಸ್ಸಾದವು.

ಈ ಸಚಿವಾಲಯ ಶುರುವಾಗಿದ್ದು ಯಾವಾಗ?

ಬೇರು ಹುಡುಕಿದರೆ 1871ಕ್ಕೆ ಹೋಗಬೇಕು. ವೈಸರಾಯ್ ಲಾರ್ಡ್ ಮೇಯೊ ಕಾಲದಲ್ಲಿ ಕಂದಾಯ, ಕೃಷಿ ಮತ್ತು ವಾಣಿಜ್ಯ ಇಲಾಖೆ ಅಂತ ಒಂದನ್ನು ತೆರೆದರು. ಅದರ ಕಾರ್ಯದರ್ಶಿ ಎ. ಓ. ಹ್ಯೂಮ್. ಮುಂದೆ 1885ರಲ್ಲಿ ಕಾಂಗ್ರೆಸ್ ಕಟ್ಟುವಾಗ ಮುಂದೆ ನಿಂತ ಅದೇ ಹ್ಯೂಮ್. ಇಲಾಖೆಯ ಹೆಸರಲ್ಲಿ ಕಂದಾಯ ಮೊದಲು, ಕೃಷಿ ಆಮೇಲೆ. ಅದು ಸುಮ್ನೆ ಆದದ್ದಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಹತ್ತಿ ನಿಂತುಹೋಗಿ ಮ್ಯಾಂಚೆಸ್ಟರ್ ಗಿರಣಿಯವರು ಕಂಗಾಲಾಗಿದ್ದರು. ಇಂಡಿಯಾದಿಂದ ಒಳ್ಳೆ ಹತ್ತಿ ಬೇಕು, ಅದಕ್ಕೊಂದು ಇಲಾಖೆ ಬೇಕು ಅಂತ ಒತ್ತಡ ಹಾಕಿದವರಲ್ಲಿ ಅವರೂ ಇದ್ದರು. ಎರೆ ಹೊಲದಲ್ಲಿ, ಅಂದರೆ ಕಪ್ಪು ಮಣ್ಣಿನಲ್ಲಿ, ಹತ್ತಿ ಬೆಳೆಯುತ್ತಿದ್ದ ನಮ್ಮವರ ಹೊಟ್ಟೆಪಾಡು ಆಗಿನ ಸರ್ಕಾರದ ಲೆಕ್ಕದಲ್ಲಿ ಮೊದಲ ಸಾಲಿನಲ್ಲಿ ಇರಲಿಲ್ಲ.

ಆ ಇಲಾಖೆ ಎಂಟೇ ವರ್ಷ ಬದುಕಿತು. ಖರ್ಚು ಜಾಸ್ತಿ ಅಂತ 1879ರಲ್ಲಿ ಮುಚ್ಚಿದರು. ಮುಚ್ಚಿದ ಹೊತ್ತು ನೋಡಿ. 1876ರಿಂದ 78ರವರೆಗೆ ದಕ್ಷಿಣದಲ್ಲಿ ಘೋರ ಬರ ಬಂದಿತ್ತು. ಧಾತು ಸಂವತ್ಸರದಲ್ಲಿ ಶುರುವಾದ್ದರಿಂದ ಹಳಬರು ಅದನ್ನು ಧಾತು ಬರ ಅಂತ ಕರೆದರು. ಮದ್ರಾಸ್ ಪ್ರಾಂತ್ಯದಲ್ಲಿ ಹೆಚ್ಚು ಏಟು ತಿಂದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು. ಊರಿಗೆ ಊರೇ ಖಾಲಿಯಾದವು. ಆ ಸಾವುಗಳ ಮೇಲೆ ಕೂತ ಕ್ಷಾಮ ಆಯೋಗ 1880ರಲ್ಲಿ ವರದಿ ಕೊಟ್ಟಿತು: ಕೃಷಿಗೆ ಇಲಾಖೆ ಬೇಕೇ ಬೇಕು, ಪ್ರಾಂತ್ಯಗಳಲ್ಲೂ ಬೇಕು. 1881ರಲ್ಲಿ ಕಂದಾಯ ಮತ್ತು ಕೃಷಿ ಇಲಾಖೆ ಮತ್ತೆ ತೆರೆಯಿತು. ದಿಲ್ಲಿಯ ಈ ಸಚಿವಾಲಯದ ತಳಪಾಯದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯ ಹೆಣಗಳೂ ಇವೆ. ಈ ಮಾತು ಕಟುವಾಗಿದೆ ಅಂತ ಗೊತ್ತು, ಆದರೂ ನಮ್ಮ ಮಕ್ಕಳಿಗೆ ಇದನ್ನು ಹೇಳಲೇಬೇಕು.

ಆಮೇಲೆ ಸಂಶೋಧನೆಯ ಕಾಲ ಬಂತು. 1905ರಲ್ಲಿ ಬಿಹಾರದ ಪೂಸಾದಲ್ಲಿ ಕೃಷಿ ಸಂಶೋಧನಾ ಸಂಸ್ಥೆ ಶುರುವಾಯಿತು. 1934ರ ಭೂಕಂಪದಲ್ಲಿ ಅದರ ಕಟ್ಟಡ ಬಿದ್ದು, ಸಂಸ್ಥೆ ದಿಲ್ಲಿಗೆ ಹೋಯಿತು. ನಮ್ಮ ಬಳ್ಳಾರಿ ಪಕ್ಕದ ಹಗರಿ ಕೇಂದ್ರವೂ ಅದೇ ಕಾಲದ್ದು, ಎರೆ ನೆಲದ ಹತ್ತಿ, ಜೋಳದ ಮೇಲೆ ಕೆಲಸ ಮಾಡಿದ ಹಳೇ ಫಾರ್ಮ್. 1926ರಲ್ಲಿ ಲಿನ್‌ಲಿತ್‌ಗೋ ಅಧ್ಯಕ್ಷತೆಯಲ್ಲಿ ರಾಯಲ್ ಕಮಿಷನ್ ಕೂತು, 1928ರಲ್ಲಿ ವರದಿ ಕೊಟ್ಟಿತು. ಅದರಿಂದ 1929ರಲ್ಲಿ ಹುಟ್ಟಿದ್ದೇ ಇವತ್ತಿನ ಐಸಿಎಆರ್.

ಆಗ ರಾಯಚೂರು, ಕೊಪ್ಪಳ ನಿಜಾಮರ ಕೈಯಲ್ಲಿದ್ದವಲ್ಲ?

ಹೌದು. ಬ್ರಿಟಿಷರ ಇಲಾಖೆಯ ಆಡಳಿತ ನೇರವಾಗಿ ತಟ್ಟಿದ್ದು ಬಳ್ಳಾರಿಗೆ ಮಾತ್ರ. ರಾಯಚೂರು, ಕೊಪ್ಪಳ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಅಲ್ಲಿ ಬೇರೆ ಆಡಳಿತ, ಬೇರೆ ಕಂದಾಯ. 1948ರ ಸೆಪ್ಟೆಂಬರ್‌ನಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು. 1953ರಲ್ಲಿ ಬಳ್ಳಾರಿ, 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಬಂದವು. ಕೊಪ್ಪಳ ಬೇರೆ ಜಿಲ್ಲೆಯಾಗಿದ್ದು 1997ರಲ್ಲಿ. ನದಿಯ ಎರಡು ದಂಡೆಯ ರೈತರು ಹೊಲದ ದಾಖಲೆಯಿಂದ ಹಿಡಿದು ತೆರಿಗೆಯವರೆಗೆ ಬೇರೆ ಬೇರೆ ಪದ್ಧತಿಯಲ್ಲಿ ಬೆಳೆದವರು.

ಸ್ವಾತಂತ್ರ್ಯ ಬಂದ ಮೇಲೆ ಏನೇನು ಬದಲಾಯಿತು?

1947ರ ಮೊದಲ ಸಂಪುಟದಲ್ಲಿ ಆಹಾರ ಮತ್ತು ಕೃಷಿ ಮಂತ್ರಿಯಾದವರು ಬಾಬು ರಾಜೇಂದ್ರ ಪ್ರಸಾದ್. ಆಗ ದೇಶಕ್ಕೆ ಇದ್ದ ಚಿಂತೆ ಒಂದೇ, ಅನ್ನ. 1943ರ ಬಂಗಾಳದ ಕ್ಷಾಮ ಎಲ್ಲರ ಕಣ್ಣಲ್ಲಿತ್ತು. ರೇಷನ್ ನಡೆಯುತ್ತಿತ್ತು. 1952ರಲ್ಲಿ ಆಹಾರ ಖಾತೆ ಹಿಡಿದ ರಫಿ ಅಹಮದ್ ಕಿದ್ವಾಯಿ ಒಂದೊಂದಾಗಿ ನಿಯಂತ್ರಣ ತೆಗೆದುಹಾಕಿದರು. ಪಂಜಾಬರಾವ್ ದೇಶಮುಖ್ 1952ರಿಂದ 1962ರವರೆಗೆ ಕೃಷಿ ನೋಡಿಕೊಂಡರು.

ಆದರೂ ಅಮೆರಿಕದ ಗೋಧಿಯ ಹಡಗು ಕಾಯುವ ಸ್ಥಿತಿ ತಪ್ಪಲಿಲ್ಲ. 1965, 1966 ಎರಡು ವರ್ಷ ಮಳೆ ಕೈಕೊಟ್ಟಿತು. ಆಗ ಮಂತ್ರಿ ಸಿ. ಸುಬ್ರಮಣಿಯಂ. ಎಂ. ಎಸ್. ಸ್ವಾಮಿನಾಥನ್ ಮತ್ತು ಅವರ ಜೊತೆಗಿದ್ದ ವಿಜ್ಞಾನಿಗಳ ಮಾತು ಕೇಳಿ, 1966ರಲ್ಲಿ ಮೆಕ್ಸಿಕೊದಿಂದ 18,000 ಟನ್ ಗಿಡ್ಡ ಗೋಧಿಯ ಬೀಜ ತರಿಸಿದರು. ಸಂಸತ್ತಿನಲ್ಲೂ ಹೊರಗೂ ವಿರೋಧ ಇತ್ತು. ಅದೇ ಹೊತ್ತಿನಲ್ಲಿ ಒಂದಾದ ಮೇಲೊಂದು ಸಂಸ್ಥೆ ಎದ್ದವು: 1963ರಲ್ಲಿ ರಾಷ್ಟ್ರೀಯ ಬೀಜ ನಿಗಮ, 1965ರಲ್ಲಿ ಕೃಷಿ ಬೆಲೆ ಆಯೋಗ, ಅದೇ ವರ್ಷ ಭಾರತೀಯ ಆಹಾರ ನಿಗಮ, 1966ರಲ್ಲಿ ಬೀಜ ಕಾಯ್ದೆ, 1968ರಲ್ಲಿ ಕೀಟನಾಶಕ ಕಾಯ್ದೆ. ಇವತ್ತು ಗೊಬ್ಬರದ ಅಂಗಡಿಯಲ್ಲಿ ನೀವು ಕೊಳ್ಳುವ ಬೀಜದ ಚೀಲ, ಔಷಧದ ಡಬ್ಬಿ ಈ ಕಾಯ್ದೆಗಳ ಕೆಳಗೇ ಮಾರಾಟವಾಗುತ್ತವೆ. ಆ ಐದಾರು ವರ್ಷ ಸಚಿವಾಲಯದ ಚರಿತ್ರೆಯಲ್ಲಿ ಅತಿ ಚುರುಕಿನ ಕಾಲ ಅಂತ ನನ್ನ ಅಭಿಪ್ರಾಯ. ಆಮೇಲೆ ಬಂದ ಹೆಚ್ಚಿನ ಕೆಲಸ ಅದರ ಮೇಲೆ ಕಟ್ಟಿದ್ದು.

ಆದರೆ ಹಸಿರು ಕ್ರಾಂತಿ ಅಂತ ಕರೆಯೋ ಈ ಬದಲಾವಣೆ ನೀರಿದ್ದ ಕಡೆ ಗೋಧಿ, ನೆಲ್ಲಿಗೆ ಬಂತು. ಕುಷ್ಟಗಿ, ಯಲಬುರ್ಗಾ, ದೇವದುರ್ಗದ ಖುಷ್ಕಿ (ಮಳೆ ನಂಬಿದ) ಹೊಲಗಳ ಸಜ್ಜೆ, ತೊಗರಿ, ಬಿಳಿಜೋಳಕ್ಕೆ ಅಷ್ಟು ಬೇಗ ಬರಲಿಲ್ಲ.

ಹೆಸರು ಯಾಕೆ ಬದಲಾಯಿತು? ಪಶುಸಂಗೋಪನೆ, ಸಹಕಾರ ಎಲ್ಲಿ ಹೋದವು?

"ರೈತರ ಕಲ್ಯಾಣ" ಅನ್ನೋದು ಸೇರಿದ್ದು 2015ರಲ್ಲಿ. ಪಶುಸಂಗೋಪನೆ, ಹೈನುಗಾರಿಕೆ, ಮೀನುಗಾರಿಕೆಗೆ 2019ರಲ್ಲಿ ಬೇರೆ ಸಚಿವಾಲಯವಾಯಿತು. ಸಹಕಾರಕ್ಕೆ 2021ರಲ್ಲಿ. ಕುರಿ ವಿಮೆಗೂ ಸೊಸೈಟಿ ವಿಷಯಕ್ಕೂ ಕೃಷಿ ಮಂತ್ರಿಗೆ ಪತ್ರ ಬರೆದರೆ ಅದು ಅಲ್ಲಿಂದ ಮುಂದಕ್ಕೆ ಸಾಗಬೇಕು. ಒಂದೇ ಮನೆಯಲ್ಲಿ ಎಮ್ಮೆ, ಹೊಲ, ಸೊಸೈಟಿ ಸಾಲ ಮೂರೂ ಇರುತ್ತವೆ. ದಿಲ್ಲಿಯಲ್ಲಿ ಅವಕ್ಕೆ ಮೂವರು ಮಂತ್ರಿಗಳು.

ಕಾಲುವೆಗೆ ನೀರು ಬಿಡಿಸೋದು ಕೃಷಿ ಮಂತ್ರಿಯ ಕೆಲಸವಲ್ವಾ?

ಅಲ್ಲ. ನಮ್ಮ ಸೀಮೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಗೊಂದಲ ಇರೋದು ಇಲ್ಲೇ. ನೀರು ಕೂಡ ರಾಜ್ಯದ ವಿಷಯ. ಕೇಂದ್ರದಲ್ಲಿ ಅದನ್ನು ನೋಡೋದು ಜಲಶಕ್ತಿ ಸಚಿವಾಲಯ. ತುಂಗಭದ್ರಾ ಡ್ಯಾಂ ಎರಡು ಮೂರು ರಾಜ್ಯಗಳ ಪಾಲಿನದ್ದಾದ್ದರಿಂದ 1953ರಲ್ಲೇ ತುಂಗಭದ್ರಾ ಮಂಡಳಿ ಆಯಿತು. ಡ್ಯಾಂ ಮತ್ತು ಬಲದಂಡೆ ಕಾಲುವೆಗಳು ಮಂಡಳಿ ಕೈಯಲ್ಲಿ. ಕೊಪ್ಪಳ, ರಾಯಚೂರಿಗೆ ನೀರು ಕೊಡುವ ಎಡದಂಡೆ ಕಾಲುವೆ ಕರ್ನಾಟಕದ ನೀರಾವರಿ ನಿಗಮದ ಕೈಯಲ್ಲಿ. ಯಾವತ್ತು ಬಿಡಬೇಕು, ಎರಡನೇ ಬೆಳೆಗೆ ಕೊಡಬೇಕಾ ಬೇಡವಾ ಅನ್ನೋದನ್ನು ತೀರ್ಮಾನ ಮಾಡೋದು ನೀರಾವರಿ ಸಲಹಾ ಸಮಿತಿ, ನಾವು ಐಸಿಸಿ ಸಭೆ ಅಂತೀವಲ್ಲ, ಅದು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ಓಡಿಬಂದವರೂ ಮಂಡಳಿ, ನೀರಾವರಿ ಇಲಾಖೆ ಮತ್ತು ಎಂಜಿನಿಯರುಗಳು. ಕೃಷಿ ಭವನಕ್ಕೆ ಅದರಲ್ಲಿ ಪಾತ್ರ ಇರಲಿಲ್ಲ.

ನೆಲ್ಲು ಬೆಳೆಯಬೇಡಿ ಅಂತ ಅಧಿಕಾರಿಗಳು ಯಾಕೆ ಹೇಳ್ತಾರೆ? ಅದನ್ನು ಬೆಳೆಸಿದ್ದೇ ಸರ್ಕಾರ ಅಲ್ವಾ?

ಇದಕ್ಕೆ ಸ್ವಲ್ಪ ಉದ್ದ ಉತ್ತರ ಬೇಕು. ಡ್ಯಾಂ ಕಟ್ಟಿದ್ದು ಬರ ತಡೆಯೋಕೆ. ತುಂಗಭದ್ರೆಯ ನೀರನ್ನು ಕಾಲುವೆಗೆ ತಿರುಗಿಸುವ ಆಲೋಚನೆ 19ನೇ ಶತಮಾನದ ಬ್ರಿಟಿಷ್ ನೀರಾವರಿ ಎಂಜಿನಿಯರ್ ಸರ್ ಆರ್ಥರ್ ಕಾಟನ್ ಕಾಲದ್ದು. 1945ರಲ್ಲಿ ಕೆಲಸ ಶುರುವಾಗಿ 1953ಕ್ಕೆ ನೀರು ಹರಿಯಿತು. ಎಡದಂಡೆಯ ಲೆಕ್ಕಾಚಾರ ಹೀಗಿತ್ತು: ಸ್ವಲ್ಪ ನೀರನ್ನು ತುಂಬ ಎಕರೆಗೆ ಹಂಚೋದು. ಹೆಚ್ಚು ಭಾಗಕ್ಕೆ ಅರೆ ನೀರಾವರಿ, ಅಂದರೆ ಜೋಳ, ಹತ್ತಿ, ಶೇಂಗಾ. ನೆಲ್ಲಿಗೆ ಗೊತ್ತುಮಾಡಿದ ಜಾಗ ಕಡಿಮೆ.

ಆದರೆ ನೀರು ಬಂದ ಮೇಲೆ ಕರಾವಳಿ ಆಂಧ್ರದ ಕಡೆಯಿಂದ ನೆಲ್ಲಿನ ಪಳಗಿದ ರೈತರು ಬಂದು ಹೊಲ ಕೊಂಡರು, ಕ್ಯಾಂಪು ಕಟ್ಟಿದರು. ಇವತ್ತಿಗೂ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಊರ ಹೆಸರಿನ ಕೊನೆಗೆ ಕ್ಯಾಂಪು ಅಂತಿರೋದು ಅದರಿಂದಲೇ. ಅವರು ಎರೆ ನೆಲವನ್ನು ಮಟ್ಟ ಮಾಡಿ ನೆಲ್ಲು ಹಾಕಿ ತೋರಿಸಿದರು. ನೋಡಿ ನಮ್ಮವರೂ ಹಾಕಿದರು. ಅದೇ ಹೊತ್ತಿಗೆ ದೇಶಕ್ಕೆ ಅಕ್ಕಿ ಬೇಕಿತ್ತು. ದಿಲ್ಲಿಯಿಂದ ಹಳ್ಳಿಯವರೆಗೆ ಎಲ್ಲರೂ ಅಧಿಕ ಇಳುವರಿ ತಳಿ ಹಾಕಿ, ಗೊಬ್ಬರ ಹಾಕಿ ಅಂದರು. ನೆಲ್ಲಿಗೆ ಮಾರುಕಟ್ಟೆ ಇತ್ತು, ಮಿಲ್ಲು ಬಂದವು, ಬ್ಯಾಂಕು ಸಾಲ ಕೊಟ್ಟಿತು. ನೀರಾವರಿ ಇಲಾಖೆಯ ಕಡತದಲ್ಲಿ ಮಾತ್ರ ಅದು "ಉಲ್ಲಂಘನೆ ಬೆಳೆ". ಒಂದು ಇಲಾಖೆ ಬೆಳೆಯಿರಿ ಅಂತು, ಇನ್ನೊಂದು ದಂಡ ಬರೆಯಿತು. ಮೇಲ್ಭಾಗದವರು ಎರಡು ಬೆಳೆ ತೆಗೆದರು, ಕೆಳಭಾಗದ ಮಾನ್ವಿ, ರಾಯಚೂರು ತಾಲ್ಲೂಕಿನವರು ಒಣಗಿದ ಕಾಲುವೆ ನೋಡಿ ರಸ್ತೆಗಿಳಿದರು. ತಪ್ಪನ್ನು ಬರೀ ರೈತರ ಮೇಲೆ ಹೊರಿಸೋದು ಅನ್ಯಾಯ. ನೀರು ನೋಡುವವರು, ಬೆಳೆ ನೋಡುವವರು ಒಂದೇ ಮೇಜಿನ ಮುಂದೆ ಕೂತು ಯೋಜನೆ ಮಾಡಲಿಲ್ಲ, ಅದೇ ಮೂಲ ತೊಂದರೆ.

ನೆಲ ಕೂಡ ಕೆಟ್ಟಿತು. ಎರೆ ಮಣ್ಣಿನಲ್ಲಿ ನೀರು ಬೇಗ ಇಳಿಯೋದಿಲ್ಲ. ಬಸಿಗಾಲುವೆ ಇಲ್ಲದೆ ವರ್ಷಗಟ್ಟಲೆ ನೀರು ನಿಲ್ಲಿಸಿದರೆ ಅಡಿಯ ನೀರಿನ ಮಟ್ಟ ಮೇಲೆ ಬರುತ್ತದೆ, ಜೊತೆಗೆ ಉಪ್ಪೂ ಮೇಲೆ ಬರುತ್ತದೆ. ಬೇಸಿಗೆಯಲ್ಲಿ ಗಂಗಾವತಿ, ಸಿಂಧನೂರಿನ ಕೆಲವು ಗದ್ದೆಗಳ ಮೇಲೆ ಬಿಳಿ ಪದರ ಕಟ್ಟೋದನ್ನು ನೋಡಿದವರಿಗೆ ಗೊತ್ತು. ಸವಳು-ಜವಳು ಅಂದರೆ ಇದೇ. ಇಲ್ಲಿ ಮಾತ್ರ ಕೃಷಿ ಸಚಿವಾಲಯದ ಕೈ ಇದೆ: ಐಸಿಎಆರ್‌ನ ಸವಳು ಮಣ್ಣಿನ ಸಂಶೋಧನಾ ಯೋಜನೆಯ ಒಂದು ಕೇಂದ್ರ ಗಂಗಾವತಿಯಲ್ಲೇ ಇದೆ. ನೆಲದಡಿ ತೂತಿನ ಪೈಪು ಹಾಕಿ ಉಪ್ಪು ನೀರು ಬಸಿಯುವ ವಿಧಾನದ ಮೇಲೆ ಅವರು ಕೆಲಸ ಮಾಡಿದ್ದಾರೆ. "ಗಂಗಾವತಿ ಸೋನಾ" ನೆಲ್ಲಿನ ತಳಿ ಬಂದದ್ದೂ ಅಲ್ಲಿಯ ಸಂಶೋಧನಾ ಕೇಂದ್ರದಿಂದಲೇ. ಹೊಲ ಸವಳಾಗಿದ್ದರೆ ಒಮ್ಮೆ ಮಣ್ಣು ತಗೊಂಡು ಹೋಗಿ ಕೇಳಿ.

ಖುಷ್ಕಿ ಹೊಲದವರಿಗೆ ಇನ್ನೊಂದು ವಿಳಾಸ ಬಳ್ಳಾರಿಯಲ್ಲಿದೆ. ಮಣ್ಣು ಮತ್ತು ನೀರು ಸಂರಕ್ಷಣೆಯ ಸಂಶೋಧನಾ ಕೇಂದ್ರ, 1954ರಲ್ಲಿ ಎರೆ ನೆಲಕ್ಕೆಂದೇ ಶುರುವಾದದ್ದು, ಈಗ ಐಸಿಎಆರ್ ಕೆಳಗಿದೆ. ಬದು, ಒಡ್ಡು, ಕೃಷಿ ಹೊಂಡ ಹೇಗೆ, ಎಲ್ಲಿ ಹಾಕಬೇಕು ಅನ್ನೋದು ಅವರ ವಿಷಯ.

ಯೂರಿಯಾ ಸಿಗ್ತಿಲ್ಲ. ಯಾರನ್ನು ಕೇಳಬೇಕು?

ಗೊಬ್ಬರ ಕೃಷಿ ಸಚಿವಾಲಯದ್ದಲ್ಲ, ರಾಸಾಯನಿಕ ಮತ್ತು ರಸಗೊಬ್ಬರ ಸಚಿವಾಲಯದ್ದು. ಮುಂಗಾರು, ಹಿಂಗಾರಿಗೆ ಮೊದಲು ಯಾವ ರಾಜ್ಯಕ್ಕೆ ಎಷ್ಟು ಬೇಕು ಅಂತ ಕೃಷಿ ಸಚಿವಾಲಯ ರಾಜ್ಯಗಳ ಜೊತೆ ಕೂತು ಲೆಕ್ಕ ಹಾಕುತ್ತದೆ. ಆ ಲೆಕ್ಕದ ಮೇಲೆ ತಿಂಗಳ ತಿಂಗಳ ಸರಬರಾಜು ರಸಗೊಬ್ಬರ ಇಲಾಖೆಯದ್ದು. ರೇಕ್, ಅಂದರೆ ಗೊಬ್ಬರದ ಗೂಡ್ಸ್ ರೈಲು, ಇಳಿದ ಮೇಲೆ ಜಿಲ್ಲೆಯೊಳಗೆ ಹಂಚೋದು, ಅಂಗಡಿ ತಪಾಸಣೆ ಮಾಡೋದು ರಾಜ್ಯದ ಕೃಷಿ ಇಲಾಖೆಯ ಕೆಲಸ. ಹೀಗಾಗಿ ಕೊರತೆ ಬಂದಾಗ ಮೂವರೂ ಒಬ್ಬರ ಕಡೆ ಒಬ್ಬರು ಬೆರಳು ತೋರಿಸೋಕೆ ಜಾಗ ಇದೆ. ನಿಮ್ಮ ಕೆಲಸಕ್ಕೆ ಬರೋದು ಇಷ್ಟು: 45 ಕೆಜಿ ಬೇವು ಲೇಪಿತ ಯೂರಿಯಾ ಚೀಲದ ದರ 266 ರೂಪಾಯಿ 50 ಪೈಸೆ. ಅದಕ್ಕಿಂತ ಜಾಸ್ತಿ ಕೇಳಿದರೆ, ಅಥವಾ ಬೇಡದ ಔಷಧ ಜೊತೆಗೆ ಗಂಟು ಹಾಕಿದರೆ, ಬಿಲ್ಲು ಕೇಳಿ ಇಟ್ಟುಕೊಂಡು ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರಿಗೆ ಬರೆದು ಕೊಡಿ.

ಬೀಜದ ಚೀಲಕ್ಕೆ ಬೇರೆ ಬೇರೆ ಬಣ್ಣದ ಚೀಟಿ ಯಾಕೆ?

ಮೊದಲು ತಳಿ ಕಂಡುಹಿಡಿದ ವಿಜ್ಞಾನಿಗಳ ಕೈಯಲ್ಲಿ ತಳಿವರ್ಧಕ ಬೀಜ ಆಗುತ್ತದೆ, ಅದಕ್ಕೆ ಬಂಗಾರದ ಹಳದಿ ಚೀಟಿ. ಅದನ್ನು ಬಿತ್ತಿ ಬೆಳೆಸಿದ್ದು ಮೂಲ ಬೀಜ, ಬಿಳಿ ಚೀಟಿ. ಅದರಿಂದ ಬಂದದ್ದು ಪ್ರಮಾಣಿತ ಬೀಜ, ನೀಲಿ ಚೀಟಿ. ರೈತ ಸಂಪರ್ಕ ಕೇಂದ್ರದಲ್ಲಿ ಸಬ್ಸಿಡಿಗೆ ಸಾಮಾನ್ಯವಾಗಿ ಸಿಗೋದು ನೀಲಿ. ಹಸಿರು ಚೀಟಿ ಇದ್ದರೆ ಅದು ಕಂಪನಿ ತಾನೇ ಬರೆದುಕೊಂಡ ಗುಣಮಟ್ಟದ ಬೀಜ, ಪ್ರಮಾಣನ ಸಂಸ್ಥೆಯವರು ಹೊಲಕ್ಕೆ ಬಂದು ನೋಡಿದ್ದಲ್ಲ. ಮೋಸ ಅಂತಲ್ಲ, ಆದರೆ ಹೊಣೆ ಪೂರ್ತಿ ಮಾರಿದವರದ್ದು. ಚೀಟಿ, ಚೀಲ, ಬಿಲ್ಲು ಮೂರನ್ನೂ ರಾಶಿ ಮುಗಿಯೋವರೆಗೂ ಎತ್ತಿಡಿ. ಒಂದು ಹಿಡಿ ಬೀಜ ಉಳಿಸಿಡಿ. ಮೊಳಕೆ ಬರಲಿಲ್ಲ ಅಂತ ದೂರು ಕೊಟ್ಟಾಗ ಇವಿಲ್ಲದಿದ್ದರೆ ಯಾರೂ ಏನೂ ಮಾಡೋಕೆ ಆಗಲ್ಲ.

ಈ ಬೀಜದ ಸರಪಳಿಯ ಒಂದು ಕೊಂಡಿ ನಮ್ಮ ಸಿಂಧನೂರು ತಾಲ್ಲೂಕಿನ ಜವಳಗೇರಾದಲ್ಲಿದೆ. ಅಲ್ಲಿರೋದು ಕೇಂದ್ರ ಸರ್ಕಾರದ ದೊಡ್ಡ ಬೀಜೋತ್ಪಾದನಾ ಫಾರ್ಮ್. ಮೊದಲು ಸ್ಟೇಟ್ ಫಾರ್ಮ್ಸ್ ಕಾರ್ಪೊರೇಷನ್ ನಡೆಸುತ್ತಿತ್ತು, ಆ ಸಂಸ್ಥೆ ರಾಷ್ಟ್ರೀಯ ಬೀಜ ನಿಗಮದಲ್ಲಿ ಸೇರಿದ ಮೇಲೆ ನಿಗಮದ್ದಾಯಿತು. ದಿಲ್ಲಿಯ ಸಚಿವಾಲಯ ನಮ್ಮ ಜಿಲ್ಲೆಯಲ್ಲಿ ಕಣ್ಣಿಗೆ ಕಾಣೋದು ಅಂತಿದ್ದರೆ ಇಲ್ಲೇ.

ಬೆಂಬಲ ಬೆಲೆ ಯಾರು ನಿಗದಿ ಮಾಡ್ತಾರೆ? ಘೋಷಣೆ ಆದರೂ ಗಂಜಿನಲ್ಲಿ (ಎಪಿಎಂಸಿ ಮಾರುಕಟ್ಟೆಯಲ್ಲಿ) ಯಾಕೆ ಸಿಗಲ್ಲ?

ಕೃಷಿ ವೆಚ್ಚ ಮತ್ತು ಬೆಲೆ ಆಯೋಗ ಶಿಫಾರಸು ಮಾಡುತ್ತದೆ. 1965ರ ಕೃಷಿ ಬೆಲೆ ಆಯೋಗಕ್ಕೇ 1985ರಲ್ಲಿ ಈ ಹೆಸರು ಬಂತು. ಪ್ರಧಾನಿ ಅಧ್ಯಕ್ಷತೆಯ ಸಂಪುಟ ಸಮಿತಿ ಒಪ್ಪಿದ ಮೇಲೆ 22 ಬೆಳೆಗಳಿಗೆ ಘೋಷಣೆಯಾಗುತ್ತದೆ. 2025-26ರ ಮುಂಗಾರಿಗೆ ಸಾಮಾನ್ಯ ನೆಲ್ಲು ಕ್ವಿಂಟಲ್‌ಗೆ 2,369, ತೊಗರಿ 8,000, ಉದ್ದ ಎಳೆಯ ಹತ್ತಿ 8,110 ರೂಪಾಯಿ.

ಆದರೆ ಬೆಂಬಲ ಬೆಲೆಗೆ ಕಾನೂನಿನ ಬಲ ಇಲ್ಲ. ಗಂಜಿನ ದಲಾಲಿ ಅಂಗಡಿಯಲ್ಲಿ ಕಡಿಮೆಗೆ ಕೊಂಡರೆ ಅದು ಅಪರಾಧವಲ್ಲ. ಸರ್ಕಾರದ ಖರೀದಿ ಕೇಂದ್ರ ತೆರೆದಿದ್ದರೆ, ನೀವು ಹೆಸರು ನೋಂದಾಯಿಸಿದ್ದರೆ, ಮಾಲು ಅವರ ಗುಣಮಟ್ಟಕ್ಕೆ ಕೂಡಿಬಂದರೆ ಮಾತ್ರ ಆ ಬೆಲೆ. ಕೊಳ್ಳುವವರೂ ಬೇರೆ ಬೇರೆ. ತೊಗರಿ, ಕಡಲೆಯನ್ನು ನಾಫೆಡ್ ಅನ್ನೋ ರಾಷ್ಟ್ರಮಟ್ಟದ ಕೃಷಿ ಸಹಕಾರ ಮಾರಾಟ ಸಂಸ್ಥೆಯ ಪರವಾಗಿ ಕೊಳ್ಳುತ್ತಾರೆ. ನೆಲ್ಲಿನ ಖರೀದಿ ಆಹಾರ ಸಚಿವಾಲಯದ ಕಡೆಯಿಂದ ರಾಜ್ಯ ಮಾಡುತ್ತದೆ. ನಮ್ಮ ಸೋನಾ ಮಸೂರಿ ಬಹುಪಾಲು ಮಿಲ್ಲಿಗೇ ಹೋಗುತ್ತದೆ. ಹತ್ತಿ ಕೊಳ್ಳೋದು ಭಾರತೀಯ ಹತ್ತಿ ನಿಗಮ, ಅದು ಜವಳಿ ಸಚಿವಾಲಯದ್ದು.

ಹತ್ತಿಯವರು ತೇವದ ವಿಷಯ ನೆನಪಿಡಿ. ಗಾಡಿಯ ಮೇಲೇರಿ, ಮೀಟರಿನ ಕಡ್ಡಿ ಹತ್ತಿಯೊಳಗೆ ಚುಚ್ಚಿ ನೋಡುತ್ತಾರೆ. 8 ಪರ್ಸೆಂಟ್ ಒಳಗಿದ್ದರೆ ಪೂರ್ತಿ ಬೆಲೆ. 8ರಿಂದ 12ರವರೆಗೆ ಕಡಿತ. 12 ದಾಟಿದರೆ ಗಾಡಿ ವಾಪಸ್. ಬೆಳಗಿನ ಮಂಜು ಆರೋ ಮೊದಲು ಬಿಡಿಸಿದ ಹತ್ತಿಯನ್ನು ಹಾಗೇ ತುಂಬಿಕೊಂಡು ಬಂದವರೇ ಜಾಸ್ತಿ ಸೋಲೋದು. ಎರಡು ದಿನ ತಾಡಪಾಲ್ ಮೇಲೆ ಬಿಸಿಲಿಗೆ ಹರವಿ ತನ್ನಿ.

ಮೆಣಸಿನಕಾಯಿಗೆ ಬೆಂಬಲ ಬೆಲೆಯೇ ಇಲ್ಲ. 22ರ ಪಟ್ಟಿಯಲ್ಲಿ ಅದು ಬರಲ್ಲ. ಬೆಲೆ ಪೂರ್ತಿ ಕುಸಿದಾಗ ರಾಜ್ಯ ಕೇಳಿದರೆ ಮಾರುಕಟ್ಟೆ ಮಧ್ಯಪ್ರವೇಶ ಯೋಜನೆಯಲ್ಲಿ ಕೇಂದ್ರ ಕೈಹಾಕಬಹುದು. ಬಳ್ಳಾರಿ, ರಾಯಚೂರಿನಲ್ಲಿ ಇಷ್ಟು ಎಕರೆ ಮೆಣಸಿನಕಾಯಿ ಇರುವಾಗ, ಅದಕ್ಕೊಂದು ಗಟ್ಟಿ ವ್ಯವಸ್ಥೆ ಬೇಕು ಅಂತ ನಮ್ಮ ಸಂಸದರು ಪ್ರತಿ ಅಧಿವೇಶನದಲ್ಲಿ ಕೇಳಬೇಕು.

ನಾನು ಲೀಜಿಗೆ ಹೊಲ ಮಾಡ್ತೀನಿ. ಪಿಎಂ ಕಿಸಾನ್ ಬರುತ್ತಾ?

ಬರಲ್ಲ. ವರ್ಷಕ್ಕೆ 6,000 ರೂಪಾಯಿ, ಮೂರು ಕಂತಿನಲ್ಲಿ, ಪಹಣಿಯಲ್ಲಿ ಹೆಸರಿದ್ದವರ ಕುಟುಂಬಕ್ಕೆ ಮಾತ್ರ. ಅದೂ 2019ರ ಫೆಬ್ರವರಿ 1ರ ಹೊತ್ತಿಗೆ ಹೊಲ ಹೆಸರಿನಲ್ಲಿರಬೇಕು, ಆಮೇಲೆ ವಾರಸುದಾರಿಕೆಯಿಂದ ಬಂದದ್ದಕ್ಕೆ ವಿನಾಯಿತಿ ಇದೆ. ಆದಾಯ ತೆರಿಗೆ ಕಟ್ಟುವವರಿಗೆ, ಸರ್ಕಾರಿ ನೌಕರರಿಗೆ ಇಲ್ಲ. ಇ-ಕೆವೈಸಿ ಆಗದಿದ್ದರೆ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಇಲ್ಲದಿದ್ದರೆ ಕಂತು ನಿಲ್ಲುತ್ತದೆ.

ಈ ಸಚಿವಾಲಯದ ಯೋಜನೆಗಳಲ್ಲಿ ನನಗೆ ಅತ್ಯಂತ ನೋವು ಕೊಡುವ ಜಾಗ ಇದು. ನಮ್ಮ ಕಾಲುವೆ ಸೀಮೆಯಲ್ಲಿ ಹೊಲದ ಒಡೆಯ ಒಬ್ಬ, ಬೆವರು ಸುರಿಸುವವ ಇನ್ನೊಬ್ಬ. ಬಾಯಿಮಾತಿನ ಲೀಜು, ಕೋರು (ಪಾಲಿಗೆ ಮಾಡೋದು). ಕಾಗದ ಇಲ್ಲ. ಎಕರೆಗೆ ಇಷ್ಟು ಚೀಲ ಅಂತ ಮೊದಲೇ ಮಾತಾಗಿರುತ್ತದೆ, ಬೆಳೆ ಬಂದರೂ ಕೊಡಬೇಕು, ಬರದಿದ್ದರೂ ಕೊಡಬೇಕು. ಪಿಎಂ ಕಿಸಾನ್ ಒಡೆಯನಿಗೆ, ಬರ ಪರಿಹಾರ ಒಡೆಯನ ಖಾತೆಗೆ. ಬ್ಯಾಂಕಿನ ಬೆಳೆ ಸಾಲಕ್ಕೂ ಪಹಣಿ ಬೇಕು. 3 ಲಕ್ಷದವರೆಗಿನ ಬೆಳೆ ಸಾಲ ಸಮಯಕ್ಕೆ ಕಟ್ಟಿದರೆ 4 ಪರ್ಸೆಂಟ್ ಬಡ್ಡಿ ಅನ್ನೋದು ಒಡೆಯನಿಗೆ ಸಿಗೋ ಮಾತು. ಹೊಲ ಮಾಡುವವನು ತರೋದು ಕೈಬಡ್ಡಿ ಸಾಲ. ರೈತ ಅಂದರೆ ಯಾರು ಅನ್ನೋದನ್ನು ಪಹಣಿಯಿಂದ ಬಿಡಿಸಿ, ಹೊಲದಲ್ಲಿ ನಿಂತವರ ಮೇಲೆ ಬರೆಯೋವರೆಗೆ ರೈತರ ಕಲ್ಯಾಣ ಅನ್ನೋ ಹೆಸರು ಅರ್ಧವೇ.

ಬೆಳೆ ವಿಮೆ ಕಟ್ಟಿದ್ದೆ, ನನ್ನ ಹೊಲ ಪೂರ್ತಿ ಹೋಯಿತು, ಆದರೂ ಬರಲಿಲ್ಲ. ಯಾಕೆ?

ಪ್ರಧಾನಮಂತ್ರಿ ಫಸಲ್ ಬಿಮಾ ಅನ್ನೋ ಈ ಬೆಳೆ ವಿಮೆ 2016ರ ಮುಂಗಾರಿನಿಂದ ನಡೆಯುತ್ತಿದೆ. ನೀವು ಕಟ್ಟೋದು ಮುಂಗಾರಿನ ಆಹಾರ, ಎಣ್ಣೆಕಾಳು ಬೆಳೆಗೆ ವಿಮೆ ಮೊತ್ತದ 2 ಪರ್ಸೆಂಟ್, ಹಿಂಗಾರಿಗೆ ಒಂದೂವರೆ, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ 5. ಉಳಿದದ್ದನ್ನು ಕೇಂದ್ರ, ರಾಜ್ಯ ಹಂಚಿಕೊಳ್ಳುತ್ತವೆ. ಆದರೆ ಲೆಕ್ಕ ನಿಮ್ಮೊಬ್ಬರ ಹೊಲದ್ದಲ್ಲ. ಮುಖ್ಯ ಬೆಳೆಗೆ ಗ್ರಾಮ ಪಂಚಾಯಿತಿ, ಉಳಿದದ್ದಕ್ಕೆ ಹೋಬಳಿ.

ಅಳೆಯೋದು ಬೆಳೆ ಕೊಯ್ಲು ಪ್ರಯೋಗದಿಂದ. ಪಂಚಾಯಿತಿಯಲ್ಲಿ ಕೆಲವೇ ಹೊಲಗಳನ್ನು ಚೀಟಿ ಎತ್ತಿದ ಹಾಗೆ ಆರಿಸುತ್ತಾರೆ. ನೆಲ್ಲಾದರೆ ಗದ್ದೆಯೊಳಗೆ 5 ಮೀಟರ್ ಉದ್ದ, 5 ಮೀಟರ್ ಅಗಲ ಟೇಪು ಹಿಡಿದು, ನಾಲ್ಕು ಮೂಲೆಗೆ ಗೂಟ ಹೊಡೆದು ಹಗ್ಗ ಕಟ್ಟುತ್ತಾರೆ. ಹಗ್ಗದೊಳಗಿನ ಬೆಳೆ ಮಾತ್ರ ಕೊಯ್ದು, ಬಡಿದು, ತೂರಿ, ತೂಕ ಹಾಕುತ್ತಾರೆ. ಮೊಬೈಲಿನಲ್ಲಿ ಫೋಟೊ ಹೊಡೆದು ಆ್ಯಪಿಗೆ ಹಾಕುತ್ತಾರೆ. ಇಂಥ ತೂಕಗಳ ಸರಾಸರಿಯನ್ನು ಹಿಂದಿನ ವರ್ಷಗಳ ಇಳುವರಿಯಿಂದ ಗೊತ್ತುಮಾಡಿದ ಮಟ್ಟದ ಜೊತೆ ಹೋಲಿಸುತ್ತಾರೆ. ಕಡಿಮೆಯಾದರೆ ಪಂಚಾಯಿತಿಯ ಎಲ್ಲರಿಗೂ ಬರುತ್ತದೆ, ಆಗದಿದ್ದರೆ ಯಾರಿಗೂ ಇಲ್ಲ. ನಿಮ್ಮೂರಿನಲ್ಲಿ ಪ್ರಯೋಗ ಯಾವತ್ತು ಅಂತ ಕೇಳಿಕೊಂಡು ಹೋಗಿ ನಿಂತು ನೋಡಿ. ಆಲಿಕಲ್ಲು ಬಿದ್ದರೆ, ಹೊಲದೊಳಗೆ ನೀರು ನಿಂತರೆ, ಅದು ನಿಮ್ಮೊಬ್ಬರ ಹೊಲದ ಲೆಕ್ಕಕ್ಕೂ ಬರಬಹುದು, ಆದರೆ 72 ಗಂಟೆಯೊಳಗೆ ತಿಳಿಸಬೇಕು. ನಾಲ್ಕನೇ ದಿನ ಹೋದರೆ ಅರ್ಜಿ ನಿಲ್ಲಲ್ಲ.

ಬರ ಪರಿಹಾರ ಕೊಡೋದು ಯಾರು?

ಘೋಷಣೆ ರಾಜ್ಯದ್ದು. ಕೇಂದ್ರದಿಂದ ಬರೋ ಅಧ್ಯಯನ ತಂಡದ ಮುಂದಾಳು ಕೃಷಿ ಸಚಿವಾಲಯದ ಅಧಿಕಾರಿ, ಏಕೆಂದರೆ ಬರ, ಆಲಿಕಲ್ಲು, ಕೀಟಬಾಧೆ ಆ ಸಚಿವಾಲಯಕ್ಕೆ ಸೇರಿದವು. ನೆರೆಯಾದರೆ ಗೃಹ ಸಚಿವಾಲಯ. ಆದರೆ ಎರಡರಲ್ಲೂ ದುಡ್ಡಿಗೆ ಒಪ್ಪಿಗೆ ಕೊಡೋದು ಗೃಹ ಸಚಿವರ ಅಧ್ಯಕ್ಷತೆಯ ಸಮಿತಿ. 2023ರಲ್ಲಿ ಕರ್ನಾಟಕ 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿತು, 18,171 ಕೋಟಿ ಕೇಳಿತು. ತಿಂಗಳುಗಟ್ಟಲೆ ಕಾದು ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಏಪ್ರಿಲ್ ಕೊನೆಗೆ ಸುಮಾರು 3,454 ಕೋಟಿ ಬಿಡುಗಡೆಯಾಯಿತು. 2022-23ರಿಂದ 2025-26ರವರೆಗಿನ ನಿಯಮದಲ್ಲಿ ಖುಷ್ಕಿಗೆ ಹೆಕ್ಟೇರಿಗೆ 8,500, ನೀರಾವರಿಗೆ 17,000 ರೂಪಾಯಿ ಇತ್ತು, ಅದೂ ಎರಡು ಹೆಕ್ಟೇರ್‌ವರೆಗೆ.

ಸಚಿವಾಲಯಕ್ಕೆ ಎಷ್ಟು ದುಡ್ಡು?

2025-26ರ ಬಜೆಟ್‌ನಲ್ಲಿ ಎರಡೂ ಇಲಾಖೆಗೆ ಸೇರಿ ಸುಮಾರು 1.37 ಲಕ್ಷ ಕೋಟಿ. ಅದರಲ್ಲಿ 63,500 ಕೋಟಿ ಪಿಎಂ ಕಿಸಾನ್‌ಗೇ. ಸಂಶೋಧನೆ, ಶಿಕ್ಷಣಕ್ಕೆ 10,466 ಕೋಟಿ. ಬೇರೆ ಸಚಿವಾಲಯದಲ್ಲಿರುವ ಗೊಬ್ಬರದ ಸಬ್ಸಿಡಿ ಒಂದೇ ಇದೆಲ್ಲ ಸೇರಿದ್ದಕ್ಕಿಂತ ಜಾಸ್ತಿ. ಸಂಶೋಧನೆಗೆ ಇದು ತೀರ ಕಡಿಮೆ. ತೊಗರಿಯ ಸಿಡಿರೋಗಕ್ಕೂ ಹತ್ತಿಯ ಗುಲಾಬಿ ಕಾಯಿಕೊರಕಕ್ಕೂ ಉತ್ತರ ಬರಬೇಕಾದದ್ದು ಈ ಸಣ್ಣ ಪಾಲಿನಿಂದಲೇ.

ನೇರವಾಗಿ ಯಾರಿಗೆ ಫೋನ್ ಮಾಡಬಹುದು, ಎಲ್ಲಿ ದೂರು ಕೊಡಬಹುದು?

ಬೆಳೆಯ ರೋಗ, ಔಷಧ, ಹವಾಮಾನದ ಪ್ರಶ್ನೆಗೆ ಕಿಸಾನ್ ಕಾಲ್ ಸೆಂಟರ್, 1800-180-1551. ಇದು ಸಚಿವಾಲಯದ್ದೇ, 2004ರಿಂದ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಪಿಎಂ ಕಿಸಾನ್ ಕಂತಿಗೆ 155261. ಬೆಳೆ ವಿಮೆಗೆ 14447, ಫೋನ್ ಮಾಡಿದಾಗ ದೂರಿನ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ.

ಉತ್ತರ ಬರದಿದ್ದರೆ ಕೇಂದ್ರದ ಸಾರ್ವಜನಿಕ ಕುಂದುಕೊರತೆ ಪೋರ್ಟಲ್‌ನಲ್ಲಿ ದೂರು ಹಾಕಿ. ಅದಕ್ಕೂ ಬಗ್ಗದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕು ಅರ್ಜಿ ಹಾಕಿ. "ನನ್ನ ಪಂಚಾಯಿತಿಯ ಈ ಬೆಳೆಗೆ ಈ ವರ್ಷ ನಡೆದ ಬೆಳೆ ಕೊಯ್ಲು ಪ್ರಯೋಗಗಳ ದಿನಾಂಕ, ಸರ್ವೆ ನಂಬರ್, ತೂಕ ಕೊಡಿ" ಅಂತ ನೇರವಾಗಿ ಕೇಳಿ. "ನನಗೆ ವಿಮೆ ಯಾಕೆ ಬಂದಿಲ್ಲ" ಅಂತ ಬರೆದರೆ ಒಂದು ಸಾಲಿನ ಉತ್ತರ ಕೊಟ್ಟು ಕಡತ ಮುಗಿಸುತ್ತಾರೆ. ಪ್ರಯೋಗ ನಡೆಸೋದು ರಾಜ್ಯ ಆದ್ದರಿಂದ ಈ ಅರ್ಜಿಯನ್ನು ದಿಲ್ಲಿಗಲ್ಲ, ಜಿಲ್ಲೆಯ ಕಚೇರಿಗೆ ಹಾಕಿ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು.